ಮುಯ್ಯಾಳಿಗೆ ಬಂದ ಅಧ್ಯಕ್ಷರು

ನಾಟಿ ಕಾಲ ಬಂತೆಂದರೆ ದೊಡ್ಡತಾಯಮ್ಮ ಸೇರಿದಂತೆ ಅವಳ ಕೇರಿಯ ಆರು ಜನ ಹೆಂಗಸರು ಮುಯ್ಯಾಳು ಮಾಡಿಕೊಳ್ಳುತ್ತಿದ್ದರು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯ ಮಾತೇ ಇಲ್ಲ.

ಇದು ಸಹಕಾರ ಸಂಘದ ಅಧ್ಯಕ್ಷ ಬೋರಲಿಂಗೇಗೌಡರ ಕಿವಿಗೆ ಬಿತ್ತು. ಊರವರ ಎದುರಿಗೇ ದೊಡ್ಡತಾಯಮ್ಮನನ್ನು ಕರೆಸಿದರು.

"ನಾಳೆ ಎಲ್ಲರೂ ನಮ್ಮ ಗದ್ದೆಗೆ ಬನ್ನಿ. ಕೂಲಿ ಗೀಲಿ ಅನ್ನಬಾರದು. ಸಹಕಾರ ಅಂದ್ರೆ ಅದೇ ಕಣಮ್ಮ!"

ಒಲ್ಲೆ ಎಂದರೆ ಸಂಘದ ಗೊಬ್ಬರ ಸಿಗದು. ದೊಡ್ಡತಾಯಮ್ಮ ತಲೆಯಾಡಿಸಿದಳು. "ಮುಯ್ಯಾಳು ತಾನೇ ಗೌಡ್ರೇ?"

"ಹೂಂ, ಮುಯ್ಯಾಳೇ."

ಮರುದಿನ ಹೊತ್ತು ಮುಳುಗುವುದರೊಳಗೆ ಗೌಡರ ಗದ್ದೆ ನೆಟ್ಟಾಯಿತು. ಮಾರನೆಯ ಬೆಳಿಗ್ಗೆ ಆರೂ ಜನ ಅವರ ಜಗಲಿಯ ಮುಂದೆ ಹಾಜರು. ಹಿಂದೆ ಅರ್ಧ ಊರು.

"ಇವತ್ತು ನನ್ನ ಗದ್ದೆ ಗೌಡ್ರೇ. ಪಂಚೆ ಎತ್ತಿ ಕಟ್ಕೊಂಡು ಬನ್ನಿ" ಎಂದಳು ದೊಡ್ಡತಾಯಮ್ಮ.

"ಆಳು ಕಳಿಸ್ತೀನಿ, ಹೋಗು."

"ನಾವು ಆಳು ಕಳಿಸಿದ್ವಾ? ನಾವೇ ಬಂದ್ವಲ್ಲ."

ಅಷ್ಟು ಜನ ನೋಡುತ್ತಿರುವಾಗ ಇನ್ನೇನು ಮಾಡುವುದು? ಅಧ್ಯಕ್ಷರು ಕೆಸರಿಗಿಳಿದರು. ಅವರು ನೆಟ್ಟ ಪೈರೆಲ್ಲ ನೆಟ್ಟ ಬೆನ್ನಿಗೇ ಕಿತ್ತುಕೊಂಡು ತೇಲಿತು. ಸೊಂಟ ಹಿಡಿದುಕೊಂಡು ಎದ್ದರೆ, ಪಕ್ಕದಲ್ಲಿ ನೆಡುತ್ತಿದ್ದವಳು, "ನಾಳೆ ನಮ್ಮ ಗದ್ದೆಗೆ ಗೌಡ್ರೇ" ಎಂದಳು. "ನಾಡಿದ್ದು ನಮ್ಮದಕ್ಕೆ" ಎಂದಳು ಅವಳಾಚೆಯವಳು.

"ನಿನ್ನೆಯ ಕೂಲಿ ಎಷ್ಟಾಯ್ತು ಹೇಳು ತಾಯಿ, ಕೊಟ್ಬಿಡ್ತೀನಿ!"

"ಛೇ ಛೇ, ಕೂಲಿ ಗೀಲಿ ಅನ್ನಬಾರದು" ಎಂದಳು ದೊಡ್ಡತಾಯಮ್ಮ. "ಬಗ್ಗಿ ಗೌಡ್ರೇ, ಇನ್ನೂ ಅರ್ಧ ಗದ್ದೆ ಇದೆ."