ದಾರಿಯ ಸುದ್ದಿ ಹೇಳದ ಪ್ರೇತ

“ಗುರುಗಳೇ, ಸುಳ್ಳೇ ಆಗಿದ್ದರೂ ಅದು ನೊಂದವರಿಗೆ ಸಮಾಧಾನ ಕೊಡುತ್ತಿದ್ದರೆ, ಅದನ್ನು ಬಯಲು ಮಾಡುವುದು ಸರಿಯೇ?” ಎಂದು ಶಿಷ್ಯ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಪಕ್ಕದ ಪಟ್ಟಣಕ್ಕೆ ಸತ್ತವರನ್ನು ಕರೆಸಿ ಮಾತಾಡಿಸುವವನೊಬ್ಬ ಬಂದಿದ್ದ. ನಿಜವೇನೆಂದು ನೋಡಿ ಬಾ ಎಂದು ಗುರುಗಳೇ ಶಿಷ್ಯನನ್ನು ಕಳಿಸಿದ್ದರು. ಅವನು ಹೋಗಿ ನೋಡಿದ. ಪರದೆಯ ಹಿಂದೆ ಅಡಗಿ ಕುಳಿತಿದ್ದ ಇನ್ನೊಬ್ಬನನ್ನೂ ನೋಡಿದ. ಕಂಡದ್ದನ್ನು ಎಲ್ಲರ ಎದುರಿಗೆ ಹೇಳಿದ. ಆಗ ಹೆಂಡತಿಯನ್ನು ಕಳೆದುಕೊಂಡಿದ್ದ ಒಬ್ಬ ಮುದುಕ ಅವನ ಕೈ ಹಿಡಿದು, “ನಿನಗೆ ನಾನೇನು ಕೆಟ್ಟದ್ದು ಮಾಡಿದ್ದೆನಪ್ಪ? ತಿಂಗಳಿಗೊಮ್ಮೆ ಅವಳ ಮಾತು ಕೇಳುತ್ತಿದ್ದೆ, ಅದನ್ನೂ ಕಿತ್ತುಕೊಂಡೆ,” ಎಂದು ಅತ್ತ. ಅಂದಿನಿಂದ ಶಿಷ್ಯನಿಗೆ ಊಟ ಸೇರುತ್ತಿರಲಿಲ್ಲ.

ಈ ವಿಷಯದಲ್ಲಿ ಗುರುಗಳಿಗೆ ತಾಳ್ಮೆ ಕಡಿಮೆ. “ಕುಳಿತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಅದು ನಿನ್ನ ಮೇಲಲ್ಲ ಎಂದು ತಿಳಿದುಕೋ,” ಎಂದು ಹೇಳಲು ತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮನೆಯಲ್ಲಿ ಅವನ ತಾಯಿ, ಅವನ ಹೆಂಡತಿ, ಅವನು, ಇಷ್ಟೇ ಜನ. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಅವನು ಎತ್ತುಗಳ ಮೇಲೆ ಬಟ್ಟೆ ಹೇರಿಕೊಂಡು ಘಟ್ಟದ ಕೆಳಗಿನ ಬಂದರುಗಳ ಕಡೆಗೆ ಹೊರಟ. ಬೇಸಿಗೆಗೆ ಮೊದಲೇ ಬರುತ್ತೇನೆ ಎಂದಿದ್ದ. ಬೇಸಿಗೆ ಬಂತು, ಅವನು ಬರಲಿಲ್ಲ.

ತಾಯಿ ಊರಿನ ಛತ್ರದ ಬಾಗಿಲಲ್ಲಿ ನಿಲ್ಲತೊಡಗಿದಳು. ಘಟ್ಟ ಹತ್ತಿ ಬರುವ ದಾರಿಹೋಕರೆಲ್ಲ ಅಲ್ಲಿ ತಂಗುತ್ತಿದ್ದರು. ಬಂದವರನ್ನೆಲ್ಲ ಅವಳು ತಡೆದು ಕೇಳುತ್ತಿದ್ದಳು: ನನ್ನ ಮಗನನ್ನು ಕಂಡಿರಾ, ಅವನ ಎಡಗಿವಿ ಸ್ವಲ್ಪ ಮಡಿಚಿಕೊಂಡಿದೆ, ನಗುವಾಗ ತಲೆ ಬಗ್ಗಿಸುತ್ತಾನೆ. ಕಂಡವರು ಸಿಗಲಿಲ್ಲ. ಅವಳು ಕೇಳುವುದನ್ನು ಬಿಡಲಿಲ್ಲ. ಈ ಸಲದ ಮಳೆಗಾಲ ಮುಗಿದ ಕೂಡಲೇ ಬಂದರುಗಳಿಗೆ ಆಳು ಕಳಿಸಿ ಹುಡುಕಿಸಬೇಕೆಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು.

ಅಷ್ಟರಲ್ಲಿ ಆ ಊರಿಗೆ ಒಬ್ಬ ಹೆಂಗಸು ಬಂದಳು. ಸತ್ತವರು ಅವಳ ಬಾಯಿಂದ ಮಾತಾಡುತ್ತಾರೆ ಎಂದು ಸುದ್ದಿಯಾಯಿತು. ಅಮಾವಾಸ್ಯೆಯ ಮಧ್ಯಾಹ್ನ ಅವಳು ಬಾಗಿಲು ಕಿಟಕಿ ಮುಚ್ಚಿಸಿ, ಪರದೆಯ ಹಿಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಪ್ರೇತ ಬಂತೆಂದರೆ ಮಣೆ ತಾನಾಗಿಯೇ ಟಕಟಕ ಎನ್ನುತ್ತಿತ್ತು. ಜನ ಕೈಮುಗಿಯುತ್ತಿದ್ದರು. ಮಣೆ ಹೇಗೆ ಸದ್ದು ಮಾಡಿತು ಎಂದು ನನ್ನನ್ನು ಕೇಳಬೇಡ. ಕಾಲಿಗೆ ಹೆಬ್ಬೆರಳು ಇರುವ ಯಾರಿಗೂ ಅದು ಕಷ್ಟದ ವಿದ್ಯೆಯಲ್ಲ.

ನೆರೆಯವರು ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮಣೆ ಸದ್ದಾಯಿತು. ಪರದೆಯ ಹಿಂದಿನಿಂದ ಗಂಡಸಿನಂಥ ದನಿ ಬಂತು: “ಅಮ್ಮಾ, ನಾನು ನೀರಿನ ಪಾಲಾದೆ. ಈಗ ನನಗೆ ನೋವಿಲ್ಲ. ನೀನು ಅಳಬೇಡ.”

ತಾಯಿ ಅತ್ತಳು. ಅತ್ತು ಹಗುರಾದಳು. ಎಷ್ಟೋ ತಿಂಗಳ ಮೇಲೆ ಅಂದು ಅವಳಿಗೆ ನಿದ್ದೆ ಬಂತು. ಮಾರನೆಯ ದಿನದಿಂದ ಛತ್ರಕ್ಕೆ ಹೋಗುವುದನ್ನು ಬಿಟ್ಟಳು. ಸತ್ತವನನ್ನು ಕಂಡಿರಾ ಎಂದು ಯಾರನ್ನು ಕೇಳುವುದು? ಆಳು ಕಳಿಸುವ ಮಾತೂ ಅಲ್ಲಿಗೇ ನಿಂತಿತು. ಅಮಾವಾಸ್ಯೆ ಬಂತೆಂದರೆ ಮಿಂದು, ಮಡಿಯುಟ್ಟು, ಮಗನಿಗೆ ಇಷ್ಟವಾದ ಕಡುಬು ಬೇಯಿಸಿ ಆ ಹೆಂಗಸಿನ ಮನೆಗೆ ಒಯ್ಯುತ್ತಿದ್ದಳು. ಪರದೆಯ ಒಳಗೆ ಹೋದ ಪಾತ್ರೆ ಖಾಲಿಯಾಗಿ ಹೊರಗೆ ಬರುತ್ತಿತ್ತು. ಪ್ರೇತಕ್ಕೆ ಹಸಿವು ಚೆನ್ನಾಗಿಯೇ ಇತ್ತು. ಹೀಗೆ ಎರಡು ವರ್ಷ ಕಳೆಯಿತು.

ಸೊಸೆ ಮಾತ್ರ ಇದನ್ನು ಒಪ್ಪಲಿಲ್ಲ. ಹೆಣ ಕಾಣದೆ ಬಳೆ ತೆಗೆಯುವುದಿಲ್ಲ ಎಂದಳು. ತಾನೊಬ್ಬಳೇ ಆಳು ಕಳಿಸಲು ನೋಡಿದಳು. ಆದರೆ ಸತ್ತವನೆಂದು ಊರೆಲ್ಲ ಹೇಳುವಾಗ ಅವನನ್ನು ಹುಡುಕಲು ಯಾರೂ ಹೊರಡಲಿಲ್ಲ. ಅವಳು ಆ ಹೆಂಗಸಿನ ಮನೆಯ ಮೆಟ್ಟಿಲು ತುಳಿಯಲಿಲ್ಲ. ಅತ್ತೆ ಬಂದು ಹೇಳುವುದನ್ನು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದಳು. ಬಾವಿಯ ರಾಟೆ ಕಿರುಗುಟ್ಟುತ್ತಿದೆ, ಎಣ್ಣೆ ಹಾಕಿಸಿ ಎಂದಿತ್ತು ಪ್ರೇತ. ನಿನಗೆ ಹೆಗಲುನೋವು, ನೀರು ಸೇದಬೇಡ ಎಂದಿತ್ತು. ಅತ್ತೆ ಹಿಗ್ಗಿಹೋಗಿದ್ದಳು. ಸತ್ತರೂ ನನ್ನ ಮಗನಿಗೆ ಮನೆಯದೇ ಚಿಂತೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಒಂದು ದಿನ ಸೊಸೆ ಹೇಳಿದಳು: “ಅತ್ತೆ, ಮನೆಯೊಳಗಿನದೆಲ್ಲ ಹೇಳ್ತಾರಲ್ಲ, ದಾರೀದು ಒಂದಾದರೂ ಹೇಳಿದಾರಾ? ಯಾವ ಹೊಳೆ, ಯಾವ ಊರು, ಜೊತೆಗಿದ್ದ ಎತ್ತುಗಳು ಏನಾದವು? ಈ ಸಲ ಕೇಳಿ ಬನ್ನಿ.”

ಅತ್ತೆ ಕೇಳಿದಳು. ಮಣೆ ಬಹಳ ಹೊತ್ತು ಸದ್ದು ಮಾಡಲಿಲ್ಲ. ಆಮೇಲೆ ಬಂದ ದನಿ ನರಳುತ್ತಿತ್ತು. ಗಂಡ ಸತ್ತರೂ ನನ್ನ ಹೆಂಡತಿ ಮುತ್ತೈದೆಯಂತೆ ತಿರುಗುತ್ತಿದ್ದಾಳೆ, ಅವಳ ಬಳೆ, ಅವಳ ತಾಳಿ ನನ್ನನ್ನು ಕಟ್ಟಿಹಾಕಿವೆ, ಅವು ಇರುವ ತನಕ ನನಗೆ ಮುಕ್ತಿಯಿಲ್ಲ ಎಂದಿತು.

ನೋಡಿದೆಯಾ? ಕೇಳಿದ್ದಕ್ಕೆ ಉತ್ತರವಿಲ್ಲ. ಕೇಳಿಸಿದವಳ ಬಳೆ ಒಡೆಯಬೇಕು. ಬಳೆ ಒಡೆದ ಹೆಣ್ಣನ್ನು ಮೂಲೆಗೆ ಕೂರಿಸುತ್ತಾರೆ, ಮೂಲೆಯಲ್ಲಿ ಕುಳಿತವಳ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಆ ಹೆಂಗಸಿನ ಎಣಿಕೆ ಅದು. ಅವಳು ಕಡುಬು ತಿಂದಳು, ತಿನ್ನಲಿ. ಮುದುಕಿಯನ್ನು ಕುಣಿಸಿದಳು, ಅದನ್ನೂ ಒಂದು ಪಕ್ಷ ಮರೆತೇನು. ಒಬ್ಬ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂದು ತನಗೇ ಗೊತ್ತಿಲ್ಲದಿರುವಾಗ ಅವನ ಹೆಂಡತಿಯನ್ನು ವಿಧವೆ ಮಾಡಲು ಹೊರಟಳಲ್ಲ, ಆ ನಾಲಿಗೆಯನ್ನು ನಾನು ಕ್ಷಮಿಸಲಾರೆ.

ಊರಿನ ಹಿರಿಯರು ಸೇರಿದರು. ಗಂಡನ ಪ್ರೇತವನ್ನು ನರಳಿಸುವವಳು ಎಂದು ಸೊಸೆಯನ್ನು ಬೈದರು. ಬರುವ ಅಮಾವಾಸ್ಯೆಗೆ ಅವಳ ಬಳೆ ಒಡೆಸಿ ತಾಳಿ ತೆಗೆಸಬೇಕೆಂದು ಗೊತ್ತುಮಾಡಿದರು. ಅತ್ತೆ ತಲೆ ತಗ್ಗಿಸಿ ಒಪ್ಪಿಕೊಂಡಳು. ಸೊಸೆ ಒಂದನ್ನೇ ಕೇಳಿಕೊಂಡಳು. ಆ ದನಿಯನ್ನು ನಾನೂ ಬಂದು ಕೇಳುತ್ತೇನೆ, ಕೇಳಿದ ಮೇಲೆ ನೀವು ಹೇಳಿದಂತೆ ಆಗಲಿ ಎಂದಳು. ಹಿರಿಯರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅವಳು ಕುಳಿತು ಯೋಚಿಸಿದಳು. ರಾಟೆ ಕಿರುಗುಟ್ಟುವ ಮಾತನ್ನು ತಾನು ಯಾರ ಮುಂದೆ ಆಡಿದ್ದೆ? ಅತ್ತೆಯ ಹೆಗಲುನೋವಿನ ಮಾತು ಯಾರೊಡನೆ ಬಂದಿತ್ತು? ಎರಡಕ್ಕೂ ಒಬ್ಬಳೇ ನೆನಪಿಗೆ ಬಂದಳು, ಬಳೆಗಾರ್ತಿ. ಬಳೆಗಾರ್ತಿ ಎಲ್ಲರ ಮನೆಯ ಹಿತ್ತಲ ಜಗಲಿಯವರೆಗೂ ಬರುವವಳು. ಕೈ ಸಡಿಲ ಬಿಡು ತಾಯಿ ಎನ್ನುತ್ತ, ಬಳೆ ಏರುವಾಗಿನ ನೋವು ಮರೆಸಲು ಅದೂ ಇದೂ ವಿಚಾರಿಸುತ್ತಾಳೆ. ಕೈ ಅವಳ ಕೈಯಲ್ಲಿ ಇರುವಾಗ ಹೆಂಗಸರು ತವರಿನವಳ ಹತ್ತಿರ ಹೇಳಿದಂತೆ ಎಲ್ಲವನ್ನೂ ಹೇಳಿಬಿಡುತ್ತಾರೆ.

ಸೊಸೆ ಬಳೆಗಾರ್ತಿಯನ್ನು ಕರೆಸಿ, ಕೈತುಂಬ ಹಸಿರು ಬಳೆ ತೊಡಿಸು ಎಂದಳು. ಅತ್ತೆ ಒಳಗೆ ಮಲಗಿದ್ದಳು. ಬಳೆ ಏರುತ್ತಿರುವಾಗ ಸೊಸೆ ದನಿ ತಗ್ಗಿಸಿದಳು: “ಯಾರ ಹತ್ತಿರಾನೂ ಹೇಳಬೇಡಕ್ಕ. ಅವರು ಹೊರಟ ದಿನ ಅತ್ತೆ ಗುಡಿಗೆ ಹೋಗಿದ್ದರು. ನಾನು ಮುನಿಸಿಕೊಂಡು ಒಲೇನೇ ಹಚ್ಚಲಿಲ್ಲ. ಹಸಿದುಕೊಂಡೇ ಹೋದರು. ಅತ್ತೆಗೆ ಇದು ಗೊತ್ತಿಲ್ಲ.”

ಬಳೆಗಾರ್ತಿ ಅಯ್ಯೋ ಪಾಪ ಎಂದಳು. ತೊಡಿಸಿ ಮುಗಿದ ಮೇಲೆ ಸೊಸೆ ಪದ್ಧತಿಯಂತೆ ಅವಳಿಗೆ ನಮಸ್ಕರಿಸಿದಳು. ಅವಳೂ ಪದ್ಧತಿಯಂತೆ, ಮುತ್ತೈದೆಯಾಗಿ ನೂರು ಕಾಲ ಬಾಳು ಎಂದು ಹರಸಿದಳು. ಆ ಬಳೆಗಳನ್ನು ಅಮಾವಾಸ್ಯೆಗೆ ಒಡೆಯುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಡೆಸುವುದರಲ್ಲಿ ತನ್ನ ಪಾಲೆಷ್ಟು ಎಂಬುದೂ ಗೊತ್ತಿತ್ತು. ಆದರೂ ಹರಸಿದಳು. ಹರಸಿ ನೇರವಾಗಿ ಆ ಹೆಂಗಸಿನ ಮನೆಗೆ ಹೋದಳು. ಕದಿಯುವ ಕಳ್ಳನಿಗೆ ಹೆದರಿಕೆಯಾದರೂ ಇರುತ್ತದೆ. ಇವರಿಗೆ ಅದೂ ಇರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳೆ ಒಡೆಯಲು ಒಬ್ಬ ಹಿರಿಯ ಕಲ್ಲನ್ನೂ ತಂದಿದ್ದ. ಅತ್ತೆಯ ಕಡುಬಿನ ಪಾತ್ರೆ ಎಂದಿನಂತೆ ಒಳಗೆ ಹೋಯಿತು. ಅತ್ತೆ ಸೊಸೆ ಪರದೆಯ ಎದುರಿಗೇ ಕುಳಿತರು. ಬಾಗಿಲು ಮುಚ್ಚಿದರು. ಮಣೆ ಸದ್ದಾಯಿತು.

“ಅಮ್ಮಾ, ಇಷ್ಟು ದಿನ ನಿನಗೆ ಹೇಳಿರಲಿಲ್ಲ. ನಾನು ಹೊರಟ ದಿನ ನೀನು ಗುಡಿಗೆ ಹೋಗಿದ್ದೆ. ಇವಳು ಒಲೆ ಹಚ್ಚಲಿಲ್ಲ. ಒಂದು ತುತ್ತು ಕೊಡದೆ ಹಸಿದ ಹೊಟ್ಟೆಯಲ್ಲಿ ನನ್ನನ್ನು ಕಳಿಸಿದಳು. ಆ ಹಸಿವಿನಲ್ಲೇ ಸತ್ತೆ. ಆದರೂ ಕ್ಷಮಿಸಿದ್ದೇನೆ. ಬಳೆ ಒಡೆಸಿ ನನ್ನನ್ನು ಬಿಡಿಸು.”

ಜನ ಛೀ ಎಂದರು. ಸೊಸೆ ಅತ್ತೆಯ ಮುಖ ನೋಡಿದಳು.

ಮಗ ಹೊರಟ ದಿನ ಅತ್ತೆ ಗುಡಿಗೆ ಹೋಗಿರಲಿಲ್ಲ. ಅಂದು ಅಡುಗೆ ಮಾಡಿದವಳು ಅವಳೇ. ಮಗನನ್ನು ಎದುರಿಗೆ ಕೂರಿಸಿಕೊಂಡು ಬಡಿಸಿದ್ದಳು. ದೂರ ಹೋಗುವವನೆಂದು ಕಡೆಯಲ್ಲಿ ಒಂದು ತುತ್ತು ಮೊಸರನ್ನವನ್ನು ತಾನೇ ಬಾಯಿಗಿಟ್ಟಿದ್ದಳು. ಅದು ಆ ಮನೆಯ ಮೂವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಈಗ ಅವಳು ಸುಮ್ಮನಿದ್ದರೆ ಮಗನ ದನಿ ಉಳಿಯುತ್ತದೆ, ಮುಂದಿನ ಅಮಾವಾಸ್ಯೆಗೂ ಕಡುಬು ಬೇಯಿಸಬಹುದು. ಬಾಯಿ ಬಿಟ್ಟರೆ ಆ ದನಿಯೂ ಇಲ್ಲ, ಮತ್ತೆ ಆ ನಿದ್ದೆಯಿಲ್ಲದ ದಿನಗಳು. ಸೊಸೆ ತನ್ನ ಬಾಳನ್ನೆಲ್ಲ ಈ ಮುದುಕಿಯ ಒಂದು ಮಾತಿಗೆ ಒಪ್ಪಿಸಿ ಕುಳಿತಿದ್ದಳು. ಹಿರಿಯ ಕಲ್ಲನ್ನು ಹತ್ತಿರಕ್ಕೆ ಸರಿಸಿ ಸೊಸೆಯ ಕೈ ಹಿಡಿದ.

“ಬಿಡು ಅವಳ ಕೈ,” ಎಂದಳು ತಾಯಿ. “ನನ್ನ ಮಗ ಉಂಡು ಹೋದ. ನಾನೇ ಬಡಿಸಿದೆ. ಮೊಸರನ್ನ ಇನ್ನಷ್ಟು ಹಾಕಮ್ಮ ಅಂದ. ಹಸಿದುಕೊಂಡು ಹೋದವನು ಯಾವನೋ, ಅವನು ನನ್ನ ಮಗನಲ್ಲ.”

ಪರದೆಯ ಹಿಂದಿನಿಂದ ಈಗ ಆ ಹೆಂಗಸಿನ ಸ್ವಂತ ದನಿಯೇ ಬಂತು. ಆ ಲೋಕಕ್ಕೆ ಹೋದವರಿಗೆ ನೆನಪು ಮಸುಕಾಗುತ್ತದೆ ಎಂದು ಸಮಜಾಯಿಷಿ ಹೇಳಿತು. ರಾಟೆಗೆ ಎಣ್ಣೆ ಹಾಕುವುದು ನೆನಪಿದೆಯಂತೆ, ತಾಯಿ ಕೊಟ್ಟ ತುತ್ತು ನೆನಪಿಲ್ಲವಂತೆ. ತಾಯಿ ಎದ್ದು ಪರದೆ ಎಳೆದಳು. ಮಣೆಯ ಮೇಲೆ ಆ ಹೆಂಗಸು ಇದ್ದಳು. ಪಕ್ಕದಲ್ಲಿ ಬಳೆಗಾರ್ತಿ ಇದ್ದಳು. ಅವಳ ಮುಂದಿನ ಎಲೆಯಲ್ಲಿ ಅರ್ಧ ತಿಂದ ಕಡುಬು ಇತ್ತು.

ಜನ ಯಾರ ಮೇಲೆ ಸಿಟ್ಟಾದರು ಗೊತ್ತೇ? ಸೊಸೆಯ ಮೇಲೆ. ಅಲ್ಲಿದ್ದವರಲ್ಲಿ ಬಹಳ ಮಂದಿಗೆ ಆ ಪರದೆಯ ಹಿಂದೆ ತಮ್ಮವರೊಬ್ಬರು ಇದ್ದರು. ಮುದುಕಿಗಿದ್ದ ಒಂದು ಸಮಾಧಾನವನ್ನೂ ಹಾಳುಮಾಡಿದೆ ಎಂದು ಬೈದರು. ಕಲ್ಲು ತಂದಿದ್ದ ಹಿರಿಯನೇ ಎಲ್ಲರಿಗಿಂತ ಮೊದಲು ಬೈದ. ತಾನು ಒಡೆಯಲು ಹೊರಟಿದ್ದ ಬಳೆಗಳ ಮಾತು ಅವನ ಬಾಯಿಂದ ಬರಲಿಲ್ಲ. ಆ ಹೆಂಗಸನ್ನೂ ಬಳೆಗಾರ್ತಿಯನ್ನೂ ಯಾರೂ ಏನೂ ಮಾಡಲಿಲ್ಲ. ಅವರಿಬ್ಬರೂ ಗಂಟು ಕಟ್ಟಿಕೊಂಡು ಬೇರೆ ಊರಿಗೆ ಹೋದರು. ಅಲ್ಲಿಯೂ ಪರದೆ ಕಟ್ಟಿದರು. ಅಲ್ಲಿಯೂ ಜನ ಸೇರಿದರು.

ತಾಯಿ ಅಂದು ಮನೆಗೆ ಹೋಗಲಿಲ್ಲ. ನೇರವಾಗಿ ಛತ್ರದ ಬಾಗಿಲಿಗೆ ಹೋಗಿ ನಿಂತಳು. ಸೊಸೆಯೂ ಅವಳ ಪಕ್ಕದಲ್ಲಿ ನಿಂತಳು. ಘಟ್ಟ ಹತ್ತಿ ಬಂದವರನ್ನೆಲ್ಲ ಇಬ್ಬರೂ ತಡೆದು ಕೇಳತೊಡಗಿದರು. ಮರುದಿನ ಬೆಳಿಗ್ಗೆ ಬಂದರುಗಳಿಗೆ ಆಳು ಹೊರಟ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಮಗನ ಸುದ್ದಿ ಸಿಕ್ಕಿತೇ, ಗುರುಗಳೇ?”

“ಈಗ ನೀನು ಕೇಳಿದೆಯಲ್ಲ, ಆ ಒಂದು ಮಾತನ್ನು, ಸಮಾಧಾನ ಸಿಕ್ಕಿತೆಂದು, ಹೆತ್ತ ತಾಯಿ ಎರಡು ವರ್ಷ ಯಾರನ್ನೂ ಕೇಳಲಿಲ್ಲ,” ಎಂದರು ಗುರುಗಳು.