ಸುಬೇದಾರರ ಬೂಟು, ಹವಾಲ್ದಾರನ ಗುಡ್ಡ

ಗದಗ ಸೀಮೆಯ ಒಂದು ಊರಿನಲ್ಲಿ ಇಬ್ಬರು ಮಾಜಿ ಸೈನಿಕರಿದ್ದರು. ಒಬ್ಬ ಸುಬೇದಾರ ಫಕೀರಗೌಡ, ಇನ್ನೊಬ್ಬ ಹವಾಲ್ದಾರ ದ್ಯಾಮಣ್ಣ. ಸೈನ್ಯದಲ್ಲಿ ಸುಬೇದಾರ ದೊಡ್ಡವನು, ಹವಾಲ್ದಾರ ಅವನಿಗಿಂತ ಕೆಳಗಿನವನು. ಇಷ್ಟು ಗೊತ್ತಿದ್ದರೆ ಈ ಕಥೆಗೆ ಸಾಕು.

ಊರಿಗೆ ಮೊದಲು ಮರಳಿದವನು ಫಕೀರಗೌಡ. ಗಡಿಯ ಹಿಮದ ಬೆಟ್ಟದ ಮೇಲೆ ನಡೆದ ಕಾಳಗದಲ್ಲಿ ಅವನ ತೊಡೆಗೆ ಗುಂಡು ಹೊಕ್ಕಿತ್ತು, ಎದೆಗೆ ಪದಕ ಬಂದಿತ್ತು. ನಿವೃತ್ತನಾಗಿ ಬಸ್ಸಿನಿಂದ ಇಳಿದ ದಿನ ಊರವರು ಹಲಗೆ ಬಾರಿಸಿ, ಹಾರ ಹಾಕಿ, ಟ್ರ್ಯಾಕ್ಟರಿನಲ್ಲಿ ನಿಲ್ಲಿಸಿ ಮೆರೆಸಿದರು. ಆಮೇಲೆ ಊರ ಬಾಗಿಲಾದ ಅಗಸಿಯ ಹತ್ತಿರದ ಚಹಾದಂಗಡಿಯಲ್ಲಿ ಅವನಿಗೊಂದು ಕುರ್ಚಿ ಕಾಯಂ ಆಯಿತು. ದಿನಾ ಸಂಜೆ ಅಲ್ಲಿ ಕುಳಿತು ಕಾಳಗದ ಕಥೆ ಹೇಳುತ್ತಿದ್ದ. ಬಂಡೆಯ ಮರೆಯಲ್ಲಿ ಕಾದು ಕುಳಿತದ್ದು, ತೆವಳುತ್ತ ಮೇಲೆ ಹೋದದ್ದು, ಗುಂಡು ತಗುಲಿ ಬಿದ್ದದ್ದು. ಕೇಳುವವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಯಾರಾದರೊಬ್ಬರು ಮಿರ್ಚಿ ಭಜಿ ತರಿಸುತ್ತಿದ್ದರು. ಸುಬೇದಾರರ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚೇ ಬೀಳುತ್ತಿತ್ತು.

"ದೇಶಕ್ಕ ಕೊಡೂದನ್ನ ಕೊಟ್ಟೇನಿ. ಇನ್ನೇನಿದ್ರೂ ಆರಾಮ ಕುಂಡ್ರೂದು," ಎನ್ನುತ್ತಿದ್ದ ಫಕೀರಗೌಡ.

ಹಾಗೆ ಕುಳಿತು ಕುಳಿತು ಹೊಟ್ಟೆ ಬಂತು. ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು. ಅಂಗಾಲು ಸದಾ ಜೋಮು ಹಿಡಿದಂತಿರುತ್ತಿತ್ತು. ನೆಲ ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ದ್ಯಾಮಣ್ಣ ಬಂದ. ಅವನಿಗೆ ಹಲಗೆಯೂ ಇಲ್ಲ, ಹಾರವೂ ಇಲ್ಲ. ಅವನು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು. ಹೆಗಲ ಮೇಲೆ ಟ್ರಂಕು ಹೊತ್ತು ತನ್ನ ಪಾಡಿಗೆ ಮನೆ ಸೇರಿದ. ಹತ್ತು ಹದಿನೈದು ದಿನ ಕಳೆದು ಒಂದು ಮುಂಜಾನೆ ಮನೆ ಮುಂದಿನ ಗಟಾರದ ಕೆಸರು ಬಳಿದು, ಊರ ಪಕ್ಕದ ಗುಡ್ಡ ಹತ್ತಿ ಇಳಿದು ಬಂದ. ಅದರ ಮರುದಿನವೂ ಹಾಗೆಯೇ ಮಾಡಿದ.

ಮೊದಲು ಪಕ್ಕದ ಮನೆಯ ಅಕ್ಕಸಾಲಿಗ ಅವನ ಜೊತೆಯಾದ. ಆಮೇಲೆ ಸೈನ್ಯಕ್ಕೆ ಸೇರುವ ಆಸೆಯ ಹುಡುಗರು ಬಂದರು. ಅವರ ಹಿಂದೆ ಬಿ.ಪಿ., ಮೊಣಕಾಲು ನೋವು ಎನ್ನುತ್ತಿದ್ದ ಹಿರಿಯರೂ ಬಂದರು. ಗುಡ್ಡದ ತುದಿಯ ಬಯಲಲ್ಲಿ ಎಲ್ಲರೂ ಸುತ್ತ ಕುಳಿತು ಅವನನ್ನು ಏನೇನೋ ಕೇಳುತ್ತಿದ್ದರು.

"ರಾತ್ರಿ ನಿದ್ದಿ ಬರೂದಿಲ್ಲ ದ್ಯಾಮಣ್ಣ," ಎನ್ನುತ್ತಿದ್ದರು ಒಬ್ಬರು.

"ಹಗಲೆಲ್ಲ ಕುಂತ್ರ ನಿದ್ದಿ ಎಲ್ಲಿಂದ ಬರ್ತೈತ್ರಿ? ನಿಮ್ಮ ಹಾಸಿಗಿ ನೀವ ಮಡಚ್ರಿ. ಉಂಡ ತಾಟು ನೀವ ತೊಳೀರಿ. ಹೊತ್ತು ಮುಳುಗೂದರೊಳಗ ಊಟಾ ಮುಗಸ್ರಿ."

"ದೇಶಸೇವಾ ಮಾಡಬೇಕು ಅಂದ್ರ ಏನ್ ಮಾಡಬೇಕ್ರಿ?" ಎಂದು ಹುಡುಗರು ಕೇಳುತ್ತಿದ್ದರು.

"ಗಡಿಗೆ ಹೋಗೂದು ಸೇವಾ. ಓಣ್ಯಾಗ ಗಟಾರ ತುಂಬಿದ್ರ ಅದನ್ನ ತಗಿಯೂದೂ ಸೇವಾನ. ಮೊದ್ಲ ಯಾವುದು ಹತ್ತರ ಐತಿ ಅದನ್ನ ಮಾಡ್ರಿ."

ಇತ್ತ ಚಹಾದಂಗಡಿಯಲ್ಲಿ ಫಕೀರಗೌಡನ ಕಥೆಗೆ ಕಿವಿಗಳು ಕಡಿಮೆಯಾದವು. ಒಂದು ಸಂಜೆ ಕಥೆಯಲ್ಲಿ ಅವನಿನ್ನೂ ಬಂಡೆಯ ಮರೆಯಲ್ಲೇ ಇದ್ದ, ತೆವಳಲು ಶುರು ಮಾಡಿರಲಿಲ್ಲ. ಅಷ್ಟರಲ್ಲಿ ಕೇಳುತ್ತಿದ್ದವರಿಬ್ಬರು ಎದ್ದು ನಿಂತರು.

"ಉಳಿದದ್ದು ನಾಳೆ ಕೇಳ್ತೀವ್ರಿ ಸಾಹೇಬ್ರ. ಮುಂಜಾನೆ ಲಗೂನ ಗುಡ್ಡಕ್ಕ ಹೋಗಬೇಕು."

ಫಕೀರಗೌಡ ಕೈಯಲ್ಲಿದ್ದ ಭಜಿಯನ್ನು ತಾಟಿಗೆ ಹಾಕಿದ. ಎದೆಯಲ್ಲಿ ಏನೋ ಚುರ್ ಎಂದಿತು. ಅದು ಆರಲೂ ಇಲ್ಲ, ಉರಿದು ಮುಗಿಯಲೂ ಇಲ್ಲ. ಹಾಗೆಯೇ ಉಳಿಯಿತು.

ಅಂದಿನಿಂದ ಅವನಿಗೆ ಕಣ್ಣು ಬಿಟ್ಟರೆ ದ್ಯಾಮಣ್ಣನೇ ಕಾಣತೊಡಗಿದ. ಕಿಟಕಿಯ ಬಳಿ ನಿಂತು ಗುಡ್ಡಕ್ಕೆ ಯಾರು ಯಾರು ಹೋಗುತ್ತಾರೆ ಎಂದು ನೋಡುವುದೇ ಮುಂಜಾನೆಯ ಕೆಲಸವಾಯಿತು. ಶಾಲೆಯವರು ಮಕ್ಕಳಿಗೆ ಕವಾಯತು ಕಲಿಸಲು ದ್ಯಾಮಣ್ಣನನ್ನು ಕರೆದರು ಎಂದು ಕೇಳಿದ ದಿನ ಊಟ ಬಿಟ್ಟ. ಗುಂಡು ತಿಂದವನು ನಾನು, ಹೆಸರು ಅವನಿಗೆ ಎಂದು ಒಳಗೊಳಗೇ ಕುದಿದ.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಒಂದು ಮುಂಜಾನೆ ಅವನ ಹೆಂಡತಿ ನೀಲವ್ವ ಸೆರಗು ಬಿಗಿದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಗುಡ್ಡಕ್ಕರಿ. ಮೊಣಕಾಲು ಹಿಡದು ಯಾಡ್ ವರ್ಷ ಆತು. ನಡದು ನೋಡತೇನಿ."

ನೋಡನೋಡುತ್ತ ನೀಲವ್ವನ ಮೊಣಕಾಲು ಸಡಿಲಾಯಿತು. ಗೋಡೆ ಹಿಡಿಯದೆ ಮೆಟ್ಟಿಲು ಇಳಿಯತೊಡಗಿದಳು. ಮುಖದಲ್ಲಿ ಕಳೆ ಬಂತು. ಜೊತೆಗೆ ಮಾತಿನಲ್ಲಿ ದ್ಯಾಮಣ್ಣನೂ ಬಂದ. "ಉಪ್ಪಿನಕಾಯಿ ಕಡಿಮಿ ಮಾಡ್ರಿ, ದ್ಯಾಮಣ್ಣ ಹೇಳ್ಯಾನ." "ರಾತ್ರಿ ಹೋಳಿಗಿ ಬ್ಯಾಡ್ರಿ, ದ್ಯಾಮಣ್ಣ ಹೇಳ್ಯಾನ." ತಾಟಿನಲ್ಲಿ ರೊಟ್ಟಿ ಬೀಳುವ ಮೊದಲು ಆ ಹೆಸರು ಬೀಳುತ್ತಿತ್ತು.

"ಲಾರಿ ಹೊಡದಾವನ ಹಿಂದ ಸುಬೇದಾರನ ಹೆಂಡ್ತಿ!" ಎಂದು ಫಕೀರಗೌಡ ತಾಟು ಸರಿಸಿ ಎದ್ದ.

ಆಗ ಅವನೊಂದು ನಿಶ್ಚಯ ಮಾಡಿದ. ಊರೆಲ್ಲ ನೋಡುವಂತೆ ಗುಡ್ಡವನ್ನು ದ್ಯಾಮಣ್ಣನಿಗಿಂತ ಮೊದಲು ಹತ್ತಬೇಕು. ಟ್ರಂಕಿನಿಂದ ಸೈನ್ಯದ ಹಳೆಯ ಬೂಟು ತೆಗೆದು ಒರೆಸಿ ಹಾಕಿಕೊಂಡ. ಬಹಳ ದಿನ ಒಳಗೇ ಬಿದ್ದಿದ್ದ ಬೂಟಿನ ಅಟ್ಟೆ ಸಡಿಲಾಗಿ, ಹಿಮ್ಮಡಿಯ ಮೊಳೆಯೊಂದು ಒಳಕ್ಕೆ ಚುಚ್ಚಿಕೊಂಡಿತ್ತು. ಜೋಮು ಹಿಡಿದ ಕಾಲಿಗೆ ಅದು ತಿಳಿಯಲೇ ಇಲ್ಲ.

ಮುಂಜಾನೆ ಸುಬೇದಾರ ಬಂದದ್ದು ನೋಡಿ ಎಲ್ಲರೂ ಹಿಗ್ಗಿದರು. ಫಕೀರಗೌಡ ಯಾರ ಮುಖವನ್ನೂ ನೋಡಲಿಲ್ಲ. ಹಲ್ಲು ಕಚ್ಚಿ ಹತ್ತಿದ. ಏದುಸಿರು ಬಿಡುತ್ತ, ಬೆವರು ಒರೆಸದೆ, ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ. ಜನ ಚಪ್ಪಾಳೆ ತಟ್ಟಿದರು. ದ್ಯಾಮಣ್ಣ ಹಿಂದಿನಿಂದ ಬಂದು ಸೆಟೆದು ನಿಂತು ಸಲ್ಯೂಟ್ ಹೊಡೆದ.

"ಶಾಬಾಸ್ ಸಾಹೇಬ್ರ!"

ಫಕೀರಗೌಡನ ಎದೆ ಒಂದು ಗಳಿಗೆ ತಣ್ಣಗಾಯಿತು. ಆದರೆ ಚಪ್ಪಾಳೆ ನಿಂತ ಮೇಲೆ ಜನ ಮತ್ತೆ ದ್ಯಾಮಣ್ಣನ ಸುತ್ತಲೇ ಕುಳಿತರು. ಆ ಗಳಿಗೆಯೂ ಸುಟ್ಟುಹೋಯಿತು.

ಹಾಗಾಗಿ ಮರುದಿನವೂ ಓಡಿದ. ಅದರ ಮರುದಿನವೂ ಓಡಿದ. ಬೂಟು ಬಿಚ್ಚುವಾಗ ಕಾಲುಚೀಲ ಹಸಿಯಾಗಿ ಹಿಮ್ಮಡಿಗೂ ಬೆರಳಿಗೂ ಅಂಟಿರುತ್ತಿತ್ತು. ನೀಲವ್ವನ ಕಣ್ಣು ತಪ್ಪಿಸಿ ಬಚ್ಚಲಿನಲ್ಲಿ ತಾನೇ ತೊಳೆದುಕೊಂಡ. ಮೊಳೆಯನ್ನೇನೋ ಕಲ್ಲಿನಿಂದ ಬಡಿದು ಕೂರಿಸಿದ. ಆದರೆ ಬಿಗಿಯಾದ ಬೂಟು ಬೆರಳುಗಳನ್ನೂ ಉಜ್ಜಿ ಹುಣ್ಣು ಮಾಡಿತ್ತು. ಗಾಯಕ್ಕೆ ಅರಿಶಿನ ಒತ್ತಿ ಮತ್ತೆ ಅದೇ ಬೂಟು ಏರಿಸಿದ.

ಒಂದು ಮುಂಜಾನೆ ಗುಡ್ಡದ ತುದಿಯಲ್ಲಿ ಅವನು ಕುಳಿತೆದ್ದ ಕಲ್ಲಿನ ಬಳಿ ಕೆಂಪು ಕಲೆ ಬಿದ್ದದ್ದನ್ನು ದ್ಯಾಮಣ್ಣ ನೋಡಿದ. ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಸಾಹೇಬ್ರ, ಬೂಟು ಬಿಚ್ಚರಿ. ಕಾಲು ನೋಡೂಣು."

ಫಕೀರಗೌಡನ ಮೈಯೆಲ್ಲ ಬೆಂಕಿಯಾಯಿತು. "ನನ್ನ ಬೂಟು ಬಿಚ್ಚಸ್ತಿ? ನಾ ಸುಬೇದಾರ, ನೀ ಹವಾಲ್ದಾರ! ಕೇಳ್ರಿ ಎಲ್ಲಾರೂ. ಈ ಮನಶ್ಯಾ ಒಂದ ಕಾಳಗ ಕಂಡಿಲ್ಲ, ವೈರಿ ಮ್ಯಾಲ ಒಂದ ಗುಂಡು ಹಾರಿಸಿಲ್ಲ. ಲಾರಿ ಹೊಡದು ಪಿಂಚಣಿ ತಗೊಂಡಾವ. ಇವನ ಹಿಂದ ಕುರಿ ಹಿಂಡಿನಂಗ ಹೊಂಟೀರಲ್ಲ, ನಾಚಿಕಿ ಆಗೂದಿಲ್ಲೇನು?"

ನೀಲವ್ವ ನೆಲ ನೋಡುತ್ತ ನಿಂತಳು. ದ್ಯಾಮಣ್ಣನ ಮುಖ ಕೆಂಪಾಗಿ, ಆಮೇಲೆ ಕಪ್ಪಿಟ್ಟಿತು.

"ಖರೇ ಐತ್ರಿ," ಎಂದ. "ನಾ ಕಾಳಗ ಮಾಡಿಲ್ಲ. ಮ್ಯಾಲ ಹೋಗುವಾಗ ಹಿಟ್ಟು, ಎಣ್ಣಿ ಒಯ್ತಿದ್ದೆ. ಕೆಳಗ ಬರುವಾಗ ಗಾಯ ಆದವ್ರನ್ನ ತರ್ತಿದ್ದೆ. ನನ್ನ ನೌಕರಿ ಅಷ್ಟ. ಈಗ ಬೂಟು ಬಿಚ್ಚರಿ, ಆಮೇಲ ಇನ್ನೂ ಬೇಕಾದ್ರ ಬೈರಿ."

ಬೂಟು ಬಿಚ್ಚುವುದು ಎರಡು ನಿಮಿಷದ ಕೆಲಸ. ಫಕೀರಗೌಡನ ಕೈ ದಾರದ ಗಂಟಿನ ತನಕ ಹೋಗಿಯೂ ಇತ್ತು. ಆದರೆ ಬಿಚ್ಚಿದರೆ ದ್ಯಾಮಣ್ಣ ಹೇಳಿದ್ದೇ ಸರಿಯಾಗುತ್ತದೆ, ಎಲ್ಲರೂ ನೋಡುತ್ತಾರೆ. ಫಕೀರಗೌಡ ಕೈ ಹಿಂದೆಗೆದ. ತಿರುಗಿ ನೋಡದೆ ಗುಡ್ಡ ಇಳಿದುಹೋದ.

ಆಮೇಲೆ ಅವನು ಮನೆಯಿಂದ ಹೊರಗೆ ಬರಲಿಲ್ಲ. ಕಾಲಿಗೆ ಏನಾಗಿದೆ ಎಂದರೆ ಸಿಡಿಯುತ್ತಿದ್ದ. ಒಂದು ದಿನ ಮಧ್ಯಾಹ್ನ ಚಳಿ ಬಂತು, ಮೈ ಕಾದ ಹಂಚಿನಂತಾಯಿತು. ಮಾತು ತೊದಲಿತು. ನೀಲವ್ವ ಬಲವಂತವಾಗಿ ಕಾಲುಚೀಲ ಎಳೆದಳು. ಬೆರಳು ಕಪ್ಪಾಗಿದ್ದವು. ಕೋಣೆಯೆಲ್ಲ ವಾಸನೆ ಹರಡಿತು. ಅವಳು ಸೆರಗಿನಿಂದ ಮೂಗು ಮುಚ್ಚಲಿಲ್ಲ, ಅಳಲೂ ಇಲ್ಲ. ನೇರವಾಗಿ ದ್ಯಾಮಣ್ಣನ ಮನೆಗೆ ಓಡಿದಳು.

ದ್ಯಾಮಣ್ಣ ಉಣ್ಣುತ್ತಿದ್ದ ಕೈ ತೊಳೆದು ಎದ್ದ. ಅಕ್ಕಸಾಲಿಗನ ಜೀಪು ಇಸಿದುಕೊಂಡು ಬಂದು, ಫಕೀರಗೌಡನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಹುಬ್ಬಳ್ಳಿ ದಾರಿ ಹಿಡಿದ.

ಜೀಪು ಓಡುತ್ತಿತ್ತು. ಮಲಗಿದ್ದ ಫಕೀರಗೌಡನಿಗೆ ಕಂಡದ್ದು ದ್ಯಾಮಣ್ಣನ ಬೆನ್ನು, ಕತ್ತು ಮಾತ್ರ. ತಗ್ಗು ಬಂದಾಗಲೆಲ್ಲ ದ್ಯಾಮಣ್ಣ ವೇಗ ತಗ್ಗಿಸಿ, "ಸ್ವಲ್ಪ ತಡಕೋರಿ ಸಾಹೇಬ್ರ," ಎನ್ನುತ್ತಿದ್ದ. ಆ ಜ್ವರದಲ್ಲಿ ಫಕೀರಗೌಡನಿಗೆ ಇನ್ನೊಂದು ಬೆನ್ನು ನೆನಪಾಯಿತು. ಗುಂಡು ತಗುಲಿ ಬಿದ್ದ ಮೇಲೆ ಅವನನ್ನೂ ಯಾರೋ ಒಬ್ಬ ಲಾರಿಯಲ್ಲಿ ಹಾಕಿಕೊಂಡು, ಹಿಮದ ದಾರಿಯಲ್ಲಿ ಕೆಳಗೆ ತಂದಿದ್ದ. ಅವನು ದ್ಯಾಮಣ್ಣನಲ್ಲ, ಬೇರೆ ಯಾರೋ. ಅವನೂ ಹೀಗೆಯೇ ತಿರುವು ತಿರುವಿಗೆ "ತಡಕೋ" ಎಂದಿದ್ದ. ಅವನ ಮುಖ ನೋಡಿರಲಿಲ್ಲ, ಹೆಸರು ಕೇಳಿರಲಿಲ್ಲ. ಚಹಾದಂಗಡಿಯಲ್ಲಿ ಅಷ್ಟು ವರ್ಷ ಹೇಳಿದ ಕಥೆ ಯಾವಾಗಲೂ ತಾನು ಬಿದ್ದಲ್ಲಿಗೆ ಮುಗಿಯುತ್ತಿತ್ತು. ಬಿದ್ದವನು ಬದುಕಿದ್ದು ಹೇಗೆ ಎಂದು ಅವನೂ ಹೇಳಲಿಲ್ಲ, ಕೇಳಿದವರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ. "ಮೊದಲೇ ತೋರಿಸಿದ್ದರೆ ಪಟ್ಟಿ, ಮದ್ದಿನಲ್ಲೇ ವಾಸಿಯಾಗುತ್ತಿತ್ತು," ಎಂದರು ವೈದ್ಯರು. ನೀಲವ್ವ ಗಂಡನ ಮುಖ ನೋಡಿದಳು. ಫಕೀರಗೌಡ ಗೋಡೆಯ ಕಡೆ ತಿರುಗಿಕೊಂಡ.

ಕೆಲವು ದಿನಗಳ ಮೇಲೆ ದ್ಯಾಮಣ್ಣ ಮೋಸಂಬಿ ಹಿಡಿದು ನೋಡಲು ಬಂದ. ಮಂಚದ ಪಕ್ಕ ಕುಳಿತು ಒಂದನ್ನು ಸುಲಿಯತೊಡಗಿದ. ಫಕೀರಗೌಡ ಹೊದಿಕೆಯ ಅಂಚು ಎಳೆಯುತ್ತ ಹೇಳಿದ:

"ದ್ಯಾಮಣ್ಣ, ಬೂಟಿನಿಂದ ಬೆರಳು ಹೋಗಲಿಲ್ಲೋ ಮಾರಾಯಾ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿನಿಂದ ಹೋದ್ವು. ನಾಕು ಮಂದಿ ಮುಂದ ನಿನಗ ಅನಬಾರದ್ದು ಅಂದೆ."

ದ್ಯಾಮಣ್ಣ ಮೋಸಂಬಿ ಸುಲಿಯುತ್ತಿದ್ದ. ಕೈ ನಿಲ್ಲಿಸಿದ.

"ನನಗೂ ನಿಮ್ಮ ಮ್ಯಾಲ ಹೊಟ್ಟಿಕಿಚ್ಚು ಇತ್ರಿ ಸಾಹೇಬ್ರ," ಎಂದ.

ಫಕೀರಗೌಡ ಬೆರಗಾಗಿ ನೋಡಿದ. "ನನ್ನ ಮ್ಯಾಲ? ಯಾಕೋ?"

"ನಿಮಗ ಪದಕ ಐತಿ. ನನಗೇನೈತಿ? ಊರಿಗೆ ಬಂದ ಹೊಸದಾಗಿ ಎಲ್ಲಾರೂ ಕೇಳಾವ್ರು, ಎಷ್ಟು ಮಂದಿ ವೈರಿ ಹೊಡದಿ, ಎಲ್ಲಿ ಗುಂಡು ಬಿತ್ತು ಅಂತ. ತಲಿ ತಗ್ಗಸ್ತಿದ್ದೆ. ಚಹಾದಂಗಡ್ಯಾಗ ನಿಮ್ಮ ಕಥಿ ಕೇಳಿ ಮಂದಿ ಶಾಬಾಸ್ ಅಂದ್ರ ನನ್ನ ಹೊಟ್ಟ್ಯಾಗ ಕೆಂಡ ಸುರದಂಗ ಆಗ್ತಿತ್ತು. ಮನ್ಯಾಗ ಕುಂತ್ರ ಇದು ನನ್ನ ಸುಡ್ತೈತಿ ಅಂತ ಗುಡ್ಡ ಹತ್ತಾಕ ಹತ್ತಿದೆ. ಕಾಲು ದಣದ್ರ ತಲಿ ಸುಮ್ಮನಾಗ್ತಿತ್ತು. ಮಂದಿ ಹಿಂದ ಬಂದದ್ದು ಆಮ್ಯಾಲಿನ ಮಾತು."

ಫಕೀರಗೌಡನಿಗೆ ನಗು ಬಂತು. ನಕ್ಕರೆ ಕಾಲು ನೋಯುತ್ತಿತ್ತು, ಆದರೂ ನಕ್ಕ. ದ್ಯಾಮಣ್ಣನೂ ನಕ್ಕ. ಬಾಗಿಲಲ್ಲಿ ನಿಂತಿದ್ದ ನೀಲವ್ವ, "ಇಬ್ಬರೂ ಸರಕಾರದ ಕೂಳು ತಿಂದು ಇಷ್ಟ ಕಲತ್ರೇನು?" ಎಂದು ಮೋಸಂಬಿಯನ್ನು ಕೈಯಿಂದ ಕಸಿದು ತಾನೇ ಸುಲಿದು ಕೊಟ್ಟಳು.

ಗಾಯ ಮಾಗಿದ ಮೇಲೆ ಫಕೀರಗೌಡ ಕೋಲೂರಿ ಗುಡ್ಡದ ಬುಡಕ್ಕೆ ಬಂದ. ಮೊದಲ ದಿನ ಎಲ್ಲರೆದುರು ದ್ಯಾಮಣ್ಣನ ಕೈಹಿಡಿದು ಕ್ಷಮೆ ಕೇಳಿದ. ಆಮೇಲೆ ತನ್ನ ಕಾಲಿಗೆ ಎಷ್ಟು ಆಗುತ್ತದೋ ಅಷ್ಟು ಹತ್ತಿ, ಅಲ್ಲೇ ಕುಳಿತು, ಉಳಿದವರು ಇಳಿದು ಬರುವ ತನಕ ಕಾಯುತ್ತಿದ್ದ. ಹೊಟ್ಟೆಕಿಚ್ಚು ಒಮ್ಮೆಗೇ ಆರಿಹೋಯಿತು ಎಂದರೆ ಸುಳ್ಳಾದೀತು. ಜನ ದ್ಯಾಮಣ್ಣನನ್ನು ಸುತ್ತುವರಿದು ನಗುತ್ತ ಇಳಿದು ಬರುವುದನ್ನು ಕಂಡಾಗ ಕೆಲವು ದಿನ ಎದೆಯಲ್ಲಿ ಮತ್ತೆ ಚುರ್ ಎನ್ನುತ್ತಿತ್ತು. ಆದರೆ ಈಗ ಅವನು ಅದನ್ನು ಮುಚ್ಚಿಡುತ್ತಿರಲಿಲ್ಲ.

"ದ್ಯಾಮಣ್ಣ, ಇವತ್ತ ಸ್ವಲ್ಪ ಉರ್ಯಾಕ ಹತ್ತೇತೋ," ಎನ್ನುತ್ತಿದ್ದ.

"ಹಂಗಾರ ಏಳ್ರಿ ಸಾಹೇಬ್ರ, ಇನ್ನ ನಾಕ ಹೆಜ್ಜಿ ಹತ್ತೂಣು," ಎಂದು ದ್ಯಾಮಣ್ಣ ಹೆಗಲು ಕೊಡುತ್ತಿದ್ದ.

ನೀತಿ: ಹೊಟ್ಟೆಕಿಚ್ಚು ಹುಟ್ಟದ ಮನುಷ್ಯನಿಲ್ಲ, ಪದಕ ಪಡೆದವನಲ್ಲೂ ಅದು ಹುಟ್ಟುತ್ತದೆ. ಅದನ್ನು ಒಳಗೇ ಮುಚ್ಚಿಟ್ಟವನು ಮೊದಲು ತನ್ನ ಮೈಯನ್ನೇ ಕೆಡಿಸಿಕೊಳ್ಳುತ್ತಾನೆ. ಒಪ್ಪಿಕೊಂಡು, ಆ ಉರಿಯನ್ನು ಕೈಕಾಲಿನ ದುಡಿಮೆಗೆ ತಿರುಗಿಸಿದವನು ತಾನೂ ಆರೋಗ್ಯವಾಗಿರುತ್ತಾನೆ, ನಾಲ್ಕು ಜನರಿಗೂ ಉಪಯೋಗಕ್ಕೆ ಬರುತ್ತಾನೆ.