ಬೋರಲಿಂಗ ಚೆನ್ನೀನ ಅಜ್ಜಿ ಊರಿಗೆ ಕರ್ಕೊಂಡು ಹೋದದ್ದು

ಬೋರಲಿಂಗ ಅಂತ ಒಬ್ಬನಿದ್ದ. ಬಾಗಿಲು ತುಂಬುವಂಥ ಆಳು, ಬುದ್ಧಿ ಮಾತ್ರ ಹಿಡಿಯಷ್ಟು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು; ಅದೇ ಅವನ ತಾಯಿ ನಿಂಗಾಜಮ್ಮನ ಗೋಳು. "ಒಲೆ ನೋಡ್ಕೊಳ್ಳೋ" ಅಂದರೆ ಅನ್ನ ಸೀದು ಕರಿಯಾದರೂ ಒಲೇನೇ ನೋಡ್ತಾ ಕೂತಿರೋನು!

ಒಂದು ದಿನ ನಿಂಗಾಜಮ್ಮನ ತವರು ಕಡ್ಲೆಕೊಪ್ಪಲಿಂದ ಸುದ್ದಿ ಬಂತು. ಅವಳ ಹೆತ್ತವ್ವ, ಎಂಬತ್ತರ ಮುದುಕಿ, "ಕಣ್ಣು ಮಂಜಾಗ್ತಿದೆ, ಪೂರ್ತಿ ಕತ್ತಲಾಗೋದರೊಳಗೆ ಮರಿಮಗಳ ಮುಖ ತೋರಿಸ್ರೋ" ಅಂದಿದ್ದಳಂತೆ. ಮರಿಮಗಳು ಅಂದರೆ ಬೋರಲಿಂಗನ ಅಕ್ಕನ ಮಗಳು, ಎರಡು ವರ್ಷದ ಚೆನ್ನಿ. ಅಕ್ಕ ಹಸೀ ಬಾಣಂತಿ. ನಿಂಗಾಜಮ್ಮ ಬಾಣಂತನ ಬಿಟ್ಟು ಏಳೋ ಹಾಗಿಲ್ಲ. ಉಳಿದೋನು ಇವನೊಬ್ಬನೇ!

"ನೋಡೋ, ಮಗು ಮೇಲೆ ಯಾರ ಕಣ್ಣೂ ಬೀಳಬಾರದು. ತಿಳೀತಾ?"

"ತಿಳೀತವ್ವ!"

ಬೋರಲಿಂಗ ಬೀದಿ ತಿರುವು ದಾಟಿದ. ಹಿತ್ತಲಿಂದ ಎತ್ಕೊಂಡು ಬಂದಿದ್ದ ಕೋಳಿ ಬುಟ್ಟಿಯೊಳಗೆ ಚೆನ್ನೀನ ಕೂರಿಸಿದ, ಮೇಲೊಂದು ಬುಟ್ಟಿ ಮುಚ್ಚಿದ, ಬಸ್ಸು ಹತ್ತಿದ.

ಕಂಡಕ್ಟರ್ ಬಂದ. "ಏನಯ್ಯ, ಎಷ್ಟು ಕೋಳಿ?"

"ಮಾಮಾ, ನೀರು!" ಅಂತು ಬುಟ್ಟಿ.

ಕಂಡಕ್ಟರ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದ! ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ! ಮುಚ್ಚಳ ತೆಗೆದರೆ ತಲೆ ತುಂಬ ಕೋಳಿ ಪುಕ್ಕ ಅಂಟಿಸಿಕೊಂಡು ಚೆನ್ನಿ ನಗ್ತಾ ಇದ್ದಾಳೆ.

"ಅಯ್ಯೋ ಪಾಪಿ! ಮಗೂನ ತೊಡೆ ಮೇಲೆ ಕೂರಿಸಬೇಕು ಕಣಯ್ಯ, ತೊಡೆ ಮೇಲೆ!" ಅಂತ ಕಂಡಕ್ಟರ್ ಬೈದ.

ಬೋರಲಿಂಗ ದಂಗಾದ. ಹೇಳಿದ ಹಾಗೇ ಮಾಡಿದೆನಲ್ಲ! ಇರಲಿ, ತೊಡೆ ತಾನೇ? ಸುತ್ತ ನೋಡಿದ. ಪಕ್ಕದಲ್ಲೊಬ್ಬ ದಪ್ಪ ಮೀಸೆಯವನು ಬಿಳೀ ಪಂಚೆ ಉಟ್ಟು ನಿದ್ದೆ ಹೊಡೀತಿದ್ದ. ಬಸ್ಸಲ್ಲೇ ಅಗಲವಾದ ತೊಡೆ ಅವನದು! ಚೆನ್ನೀನ ಅಲ್ಲೇ ಕೂರಿಸಿದ.

ಅರ್ಧ ಮೈಲಿಯೂ ಹೋಗಿರಲಿಲ್ಲ, ಮೀಸೆಯವನು ಚೀರಿಕೊಂಡು ಎದ್ದ. ಪಂಚೆ ತೊಪ್ಪೆ!

"ಯಾರದಯ್ಯ ಈ ಮಗು? ಎಲ್ಲಿಗೇ ಹೋದರೂ ಮೊದಲು ಉಚ್ಚೆ ಹುಯ್ಯಿಸಬೇಕು, ಆಮೇಲೆ ಮುಂದಿನ ಮಾತು! ಗೊತ್ತಾಯ್ತಾ?"

"ಗೊತ್ತಾಯ್ತು ಯಜಮಾನ್ರೇ!"

ಕಡ್ಲೆಕೊಪ್ಪಲು ಬಂತು. ಮಾವನ ಹೆಂಡತಿ ಮಲ್ಲಾಜಮ್ಮ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅಜ್ಜಿ, ಕಾಲಲ್ಲಿ ಬಲವಿಲ್ಲದೆ, ಒಳಗೆ ಗೋಡೆಗೊರಗಿ ಕೂತು, "ಬಂದಳಾ? ಬಂದಳಾ?" ಅಂತಿದ್ದಳು.

"ತಡಿ ಅತ್ತೆ, ಆಮೇಲೆ ಮುಂದಿನ ಮಾತು!" ಅಂದವನೇ ಬೋರಲಿಂಗ ಚೆನ್ನೀನ ಹೊಸಲಿನ ಮುಂದೆ, ಹೊಸಾ ರಂಗೋಲಿ ಮೇಲೆ, ಕುಕ್ಕರಗಾಲಲ್ಲಿ ಕೂರಿಸಿ, "ಸ್ಸ್ ಸ್ಸ್" ಅಂದ!

"ಅಯ್ಯಯ್ಯಯ್ಯೋ!" ಮಲ್ಲಾಜಮ್ಮನ ಆರತಿ ತಟ್ಟೆ ಠಣ್ಣಂತ ಬಿತ್ತು. "ಹೊಸಲು ಕಣೋ ಅದು! ಓಡಾಡೋ ಮಗೂನ ಹೊತ್ಕೊಂಡು ಬಂದು ಇಲ್ಲಿ ಕುಕ್ಕರಿಸ್ತೀಯಲ್ಲೋ! ನಡೆಯೋರನ್ನ ನಡೆಯೋಕೆ ಬಿಡು. ನಡೆಯೋಕಾಗದೋರನ್ನ ಹೊತ್ಕೋ!"

ಗಲಾಟೆಯಲ್ಲಿ ಚೆನ್ನಿ ಪುಟುಪುಟು ಒಳಗೆ ಓಡಿದಳು. ಅಜ್ಜಿ ಆ ಮುಖಾನ ಎರಡೂ ಅಂಗೈಯಲ್ಲಿ ಹಿಡಿದಳು, ಮೂಗಿಗೆ ಮೂಗು ತಾಗೋಷ್ಟು ಹತ್ತಿರ ತಂದಳು, ತುಂಬಾ ಹೊತ್ತು ನೋಡಿದಳು. "ಕಂಡಳು, ಕಂಡಳು! ಗದ್ದ ಥೇಟ್ ನಮ್ಮ ನಿಂಗೀದು!" ಅಂತ ಅತ್ತಳು. ಬೋರಲಿಂಗನೂ ಯಾಕೋ ಏನೋ ಅಂತ ಜೊತೆಗೆ ಅತ್ತ.

ಮೂರು ದಿನ ಕಳೀತು. ಇತ್ತ ನಿಂಗಾಜಮ್ಮ ಮಧ್ಯಾಹ್ನದಿಂದ ಬಾಗಿಲಿಗೂ ಬೀದಿಗೂ ಅಲೆದಾಡ್ತಿದ್ದಳು. ಸಂಜೆಗೆ ಮಗ ಬೆವರು ಸುರಿಸ್ತಾ ಬಂದ. ಬೆನ್ನ ಮೇಲೆ ಕಂಬಳಿ ಹೊದ್ದ ಹೊರೆ.

"ಬಾಪ್ಪ ಬಾ! ಮಗು ನಿದ್ದೆ ಹೋಯ್ತಾ?" ಅಂತ ಕಂಬಳಿ ಸರಿಸಿದಳು.

ಸರಿಸಿದೋಳು ಹಾಗೇ ಕಲ್ಲಾದಳು! ಒಳಗಿಂದ ಬೊಚ್ಚು ಬಾಯಿ ಬಿಟ್ಟು ಅವಳ ಹೆತ್ತವ್ವ ನೋಡ್ತಾ ಇದ್ದಾಳೆ!

"ನಿಂಗೀ, ಮೊದಲು ಕೆಳಗಿಳಿಸು ಅನ್ನೇ ಇವನಿಗೆ! ಊರಿಂದ ಬಡ್ಕೊಂಡು ಬಂದೆ, ಕೇಳಲೇ ಇಲ್ಲ! ಎಲೆಅಡಿಕೆ ಚೀಲಾನೂ ತಗೊಳ್ಳೋಕೆ ಬಿಡಲಿಲ್ಲ!"

"ಲೋ... ಲೋ... ಚೆನ್ನಿ ಎಲ್ಲೋ?"

"ಅತ್ತೆ ಮನೇಲಿ ಆಡ್ತಾ ಇದ್ದಳವ್ವ. ಅವಳಿಗೇನು, ನಡೆಯೋಕೆ ಬರುತ್ತಲ್ಲ!" ಬೋರಲಿಂಗ ಬೆವರು ಒರೆಸಿಕೊಂಡ. "ಸೀದಾ ರಸ್ತೇಲಿ ನಡ್ಕೊಂಡು ಬಾ ಅಂತ ಎರಡೆರಡು ಸಲ ಹೇಳಿ ಬಂದಿದೀನಿ!"